ಬಿಳಿಯೂ ಅಲ್ಲ, ನೀಲಿಯೂ ಅಲ್ಲ

ಹಯಾಸೆ
21 ಅಕ್ಟೋಬರ್ 1971

ಯಾಸು,

ಟೋಕಿಯೊದಲ್ಲಿ ನಿನ್ನನ್ನು ಎಲ್ಲರೂ ‘ಗುರುಗಳೇ’ ಎಂದು ಕರೆಯುತ್ತಾರಂತೆ. ಸಂಸತ್ತಿಗೆ ಹೋದವರನ್ನೆಲ್ಲ ಹಾಗೆ ಕರೆಯುವುದು ರೂಢಿಯಂತೆ. ನಿನ್ನ ಮೂಗು ಒರೆಸಿದ ಕೈ ಇದು, ಆ ಪದ ಬರೆಯಲು ಒಪ್ಪುವುದಿಲ್ಲ. ಆದ್ದರಿಂದ ಬರೀ ಯಾಸು.

ನಿನ್ನೆ ನೇಕಾರರ ಸಂಘದಲ್ಲಿ ಸಭೆ ಇತ್ತು. ಅಮೆರಿಕದವರು ನಮ್ಮ ಬಟ್ಟೆ ಇಷ್ಟೊಂದು ಬೇಡ ಎಂದಿದ್ದಾರೆ, ನಮ್ಮ ಸರ್ಕಾರ ಆಗಲಿ ಎಂದು ಸಹಿ ಹಾಕಿದೆ. ಇಷ್ಟನ್ನು ಪತ್ರಿಕೆಯಲ್ಲಿ ಓದಿದ್ದೆವು. ಮಿಕ್ಕದ್ದನ್ನು ಅಧ್ಯಕ್ಷ ಹೊಸೊಯಾ ಓದಿ ಹೇಳಿದರು. ಸರ್ಕಾರ ‘ದೇಶೀಯ ಉದ್ಯಮಕ್ಕೆ ನೆರವು’ ಎಂಬ ಮಸೂದೆ ತರುತ್ತಿದೆ. ನೆರವು ಎಂದರೆ, ನಮ್ಮ ಮಗ್ಗಗಳನ್ನು ಸರ್ಕಾರವೇ ಕೊಂಡುಕೊಳ್ಳುತ್ತದೆ. ಕೊಂಡು, ನಮ್ಮ ಕಣ್ಣೆದುರಿಗೇ ಸುತ್ತಿಗೆಯಲ್ಲಿ ಒಡೆದು, ಒಡೆದದ್ದರ ಫೋಟೊ ತೆಗೆದುಕೊಂಡು ಹೋಗುತ್ತದೆ. ಹಯಾಸೆಯಿಂದ ಮುನ್ನೂರು ಮಗ್ಗ ಬೇಕಂತೆ.

ಆಮೇಲೆ ನಮ್ಮ ಎದುರುಮನೆ ಫುಸಾ ಎದ್ದು, “ನೆರವು ಅಂತೀರಿ, ಒಡೀತೀವಿ ಅಂತೀರಿ. ನನ್ನ ಗಂಡ ಇದ್ದಾಗ ಅವನೂ ಹೀಗೇ ನೆರವಾಗ್ತಿದ್ದ” ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. “ನಿಮ್ಮ ಯಾಸು ಈ ಮಸೂದೆ ನೋಡೋ ಸಮಿತೀಲೇ ಇದಾನಲ್ಲ ಕಿನುಯೆ. ಅವನು ಏನ್ ಮಾಡ್ದ?” ಎಂದು ಹೊಸೊಯಾ ಕೇಳಿದರು.

ನನಗೆ ಗೊತ್ತಿರಲಿಲ್ಲ. ಸಮಿತಿಯಲ್ಲಿ ಮಸೂದೆ ‘ಎದ್ದು ನಿಂತವರ ಬಹುಮತದಿಂದ’ ಪಾಸಾಯಿತು ಎಂದು ಪತ್ರಿಕೆಯಲ್ಲಿದೆ. ಎದ್ದವರು ಯಾರು, ಕೂತವರು ಯಾರು ಎಂದು ಇಲ್ಲ. ಎರಡು ವರ್ಷದ ಹಿಂದೆ ರೈಲು ನಿಲ್ದಾಣದ ಮುಂದೆ ಬಿಯರ್ ಪೆಟ್ಟಿಗೆಯ ಮೇಲೆ ನಿಂತು, “ನಾನಿರೋ ತನಕ ಹಯಾಸೆಯಲ್ಲಿ ಒಂದು ಮಗ್ಗಾನೂ ನಿಲ್ಲಲ್ಲ” ಎಂದವನು ನೀನು. ಚುನಾವಣಾ ಪ್ರಚಾರದ ಆ ಇಪ್ಪತ್ತು ದಿನವೂ ನಿನ್ನ ಹಿಂದೆ ತಿರುಗಿದವರಿಗೆಲ್ಲ ಅನ್ನದ ಉಂಡೆ ಕಟ್ಟಿ ಕಳಿಸಿದವಳು ನಾನು.

ಅದಕ್ಕೇ ಕೇಳುತ್ತಿದ್ದೇನೆ. ಎದ್ದೆಯಾ, ಕೂತೆಯಾ? ಒಂದು ಕಾರ್ಡು, ಒಂದು ಪದ. ಅಷ್ಟು ಸಾಕು.

ನಿನ್ನಕ್ಕ
ಕಿನುಯೆ

———

ಟೋಕಿಯೊ
1 ನವೆಂಬರ್ 1971

ಮಾನ್ಯರೇ,

ತಾವು ಕಳುಹಿಸಿದ ಆತ್ಮೀಯ ಪತ್ರ ತಲುಪಿದೆ. ದೇಶೀಯ ಜವಳಿ ಉದ್ಯಮದ ಉಳಿವಿಗಾಗಿ ಸಂಸತ್ ಸದಸ್ಯರಾದ ಮೊಮೊಸೆ ಯಾಸುಹರು ಅವರು ಹಗಲಿರುಳೂ ಶ್ರಮಿಸುತ್ತಿದ್ದು, ತಮ್ಮಂತಹ ಮತದಾರರ ಪ್ರೋತ್ಸಾಹವೇ ಅವರಿಗೆ ಶ್ರೀರಕ್ಷೆಯಾಗಿದೆ. ತಮ್ಮ ಅಮೂಲ್ಯ ಸಲಹೆಯನ್ನು ಪರಿಶೀಲಿಸಲಾಗುವುದು. ತಮಗೂ ತಮ್ಮ ಕುಟುಂಬದವರಿಗೂ ಸದಸ್ಯರು ಶುಭ ಕೋರಿದ್ದಾರೆ.

ಸದಸ್ಯರ ಪರವಾಗಿ,
ಎನೊಮೊಟೊ, ಕಾರ್ಯದರ್ಶಿ

———

ಹಯಾಸೆ
5 ನವೆಂಬರ್ 1971

ಯಾಸು,

ಎನೊಮೊಟೊ ಎಂಬ ಮಹನೀಯರು ನನಗೆ ಪತ್ರ ಬರೆದಿದ್ದಾರೆ. ನಾನು ಪ್ರೋತ್ಸಾಹ ಕೊಟ್ಟೆನಂತೆ, ಸಲಹೆ ಕೊಟ್ಟೆನಂತೆ. ನನ್ನ ಕುಟುಂಬಕ್ಕೆ ನೀನು ಶುಭ ಕೋರಿದ್ದೀಯಂತೆ. ನನ್ನ ಕುಟುಂಬ ಎಂದರೆ ನೀನೇ ಅಲ್ಲವೇನೋ, ಪೆದ್ದ. ನಿನಗೆ ನೀನೇ ಶುಭ ಕೋರಿಕೊಂಡಿದ್ದೀಯ.

ಆ ಪತ್ರವನ್ನು ಫುಸಾಳ ಮಗ್ಗದ ಮನೆಗೆ ಹೋಗಿ ಗಟ್ಟಿಯಾಗಿ ಓದಿದೆ. ಅವಳು ನಕ್ಕು ನಕ್ಕು ಲಾಳಿ ಕೈಬಿಟ್ಟಳು. ಆಮೇಲೆ ನನಗೆ ನಗು ಬರಲಿಲ್ಲ.

ಎನೊಮೊಟೊ ಅವರಿಗೆ ಕೆಲಸ ಕೊಡಬೇಡ. ನೀನೇ ಬರೆ. ನಾನು ಕೇಳಿದ್ದು ಸಲಹೆ ಅಲ್ಲ, ಪ್ರಶ್ನೆ.

ಕಿನುಯೆ

———

ಟೋಕಿಯೊ
14 ನವೆಂಬರ್ 1971

ಅಕ್ಕನಿಗೆ,

ಕಾರ್ಯದರ್ಶಿಯ ಪತ್ರಕ್ಕೆ ಕ್ಷಮಿಸು. ದಿನಕ್ಕೆ ಇನ್ನೂರು ಪತ್ರ ಬರುತ್ತವೆ. ಹೆಸರು ನೋಡದೆ ಕಳಿಸಿಬಿಟ್ಟಿದ್ದಾನೆ.

ನಿನಗೆ ಸಿಟ್ಟು ಬಂದಿದೆ, ಬರಬೇಕಾದ್ದೇ. ಆದರೆ ಹಯಾಸೆಯಲ್ಲಿ ಕೂತು ನೋಡುವುದಕ್ಕೂ ಇಲ್ಲಿ ಕೂತು ನೋಡುವುದಕ್ಕೂ ವ್ಯತ್ಯಾಸ ಇದೆ ಅಕ್ಕ. ಅಮೆರಿಕದ ಜೊತೆ ಈ ಒಪ್ಪಂದ ನಡೆದುಹೋಗಿದೆ. ಯಾರು ಎದ್ದರೂ ಯಾರು ಕೂತರೂ ಅದು ಬದಲಾಗುವುದಿಲ್ಲ. ಮುಂದಿನ ವರ್ಷ ಬಟ್ಟೆಗೆ ಕೊಳ್ಳುವವರೇ ಇಲ್ಲದಾಗ ಮಗ್ಗಗಳು ತಾವಾಗಿಯೇ ನಿಲ್ಲುತ್ತವೆ. ಆಗ ಅವನ್ನು ಗುಜರಿಯವನೂ ಮುಟ್ಟುವುದಿಲ್ಲ. ಈಗ ಕೊಟ್ಟರೆ ಮನೆಗೊಂದು ದಾರಿಯಾಗುತ್ತದೆ. ಈ ಪರಿಹಾರವಾದರೂ ಸಿಗಲಿ ಎಂದು ನಾವು ಕೆಲವರು ಎಷ್ಟು ಬಾಗಿಲು ತಟ್ಟಿದ್ದೇವೆ, ನಿನಗೆ ಗೊತ್ತಿಲ್ಲ.

ಒಂದು ಮಾತು ಕೇಳಬೇಕಾಗಿದೆ. ಹಯಾಸೆಯಲ್ಲಿ ಯಾರೂ ಮೊದಲು ಹೆಸರು ಕೊಡುತ್ತಿಲ್ಲ ಎಂದು ಹೊಸೊಯಾ ಬರೆದಿದ್ದಾರೆ. ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರಂತೆ. ನಿನ್ನ ಎಂಟು ಮಗ್ಗವನ್ನು ನೀನು ಮೊದಲು ಬರೆಸಿದರೆ ಮಿಕ್ಕವರು ಬರೆಸುತ್ತಾರೆ. ಪತ್ರಿಕೆಯವರೂ ಬರುತ್ತಾರೆ. ಮೊಮೊಸೆಯ ಮನೆಯಿಂದಲೇ ಶುರುವಾಯಿತು ಎಂದರೆ ನನ್ನ ಮಾತಿಗೆ ಇಲ್ಲಿ ತೂಕ ಬರುತ್ತದೆ. ಅದರಿಂದ ಊರಿಗೇ ಒಳ್ಳೆಯದಾಗುತ್ತದೆ.

ನಿನಗೂ ಐವತ್ತೆರಡಾಯಿತು. ಇನ್ನೆಷ್ಟು ದಿನ ಆ ಸದ್ದಿನಲ್ಲಿ ಇರುತ್ತೀಯ?

ನಿನ್ನ ತಮ್ಮ
ಯಾಸುಹರು

———

ಹಯಾಸೆ
18 ನವೆಂಬರ್ 1971

ಯಾಸು,

ಎರಡು ಹಾಳೆ ಬರೆದಿದ್ದೀಯ. ಎದ್ದೆಯೋ ಕೂತೆಯೋ ಎನ್ನುವುದು ಎರಡರಲ್ಲೂ ಇಲ್ಲ.

ಮಗ್ಗ ಬರೆಸುವುದಿಲ್ಲ. ಮೊದಲೂ ಬರೆಸುವುದಿಲ್ಲ, ಕೊನೆಗೂ ಬರೆಸುವುದಿಲ್ಲ. ಪತ್ರಿಕೆಯವರು ಬಂದರೆ ಚಹಾ ಕೊಡುತ್ತೇನೆ, ಸುತ್ತಿಗೆ ಕೊಡುವುದಿಲ್ಲ.

ನೀನು ಹೇಳುವುದು ಪೂರ್ತಿ ಸುಳ್ಳು ಎಂದೇನೂ ನಾನು ಅನ್ನುವುದಿಲ್ಲ. ಬಟ್ಟೆಗೆ ಕೊಳ್ಳುವವರು ಕಡಿಮೆಯಾಗಬಹುದು. ನನ್ನ ಮಗ್ಗ ನಿಲ್ಲಲೂಬಹುದು. ನಿಲ್ಲುವುದಾದರೆ ನಾನು ನಿಲ್ಲಿಸಿದ ದಿನ, ನನ್ನ ಕೈಯಿಂದ ನಿಲ್ಲಲಿ. ಹಳಬರ ಕಾಲದಿಂದ ಹಾಸು ಹಾಕಿ ಹೊಕ್ಕು ಹೊಡೆದು ಬದುಕಿದ ಮನೆಗೆ ಬಂದು, ನೀನು ಮಾಡಬಾರದ್ದನ್ನು ಮಾಡುತ್ತಿದ್ದೆ, ಈ ಹಣ ಇಟ್ಟುಕೊಂಡು ಸುಮ್ಮನಿರು ಎನ್ನುವುದನ್ನು ನೆರವು ಎಂದು ಕರೆದರೆ ನನಗೆ ಮೈ ಉರಿಯುತ್ತದೆ. ಅದಕ್ಕೆ ನನ್ನ ತಮ್ಮನೇ ಹೂವಿಟ್ಟು ಕಳಿಸಿದರೆ ಇನ್ನಷ್ಟು ಉರಿಯುತ್ತದೆ.

ಸದ್ದಿನ ಬಗ್ಗೆ ಕೇಳಿದ್ದೀಯ. ಚಿಕ್ಕವನಿದ್ದಾಗ ಆ ಸದ್ದು ನಿಂತ ದಿನ ನಿನಗೆ ಜ್ವರ ಬರುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ನಿದ್ದೆಯಿಂದ ಎದ್ದು ಅಳುತ್ತಿದ್ದೆ. ನಿನ್ನ ಮಾತಿಗೆ ಅಲ್ಲಿ ತೂಕ ಬರಲು ನನ್ನ ಮಗ್ಗವೇ ಬೇಕೇ? ಬೇರೆ ಯಾವುದನ್ನಾದರೂ ತಕ್ಕಡಿಗೆ ಹಾಕು.

ಈಗ ನನ್ನದೊಂದು ಕೋರಿಕೆ. ಮಸೂದೆ ಡಿಸೆಂಬರಿನಲ್ಲಿ ಎಲ್ಲ ಸದಸ್ಯರೂ ಸೇರುವ ದೊಡ್ಡ ಸಭೆಗೆ ಬರುತ್ತದಂತೆ. ನಾವು ಆರು ಹೆಂಗಸರು ಟೋಕಿಯೊಗೆ ಬರುತ್ತೇವೆ. ಮೇಲಿನ ಗ್ಯಾಲರಿಯಲ್ಲಿ ಕೂರಲು ಪಾಸು ಬೇಕು, ಪಾಸಿಗೆ ಒಬ್ಬ ಸದಸ್ಯರ ಸಹಿ ಬೇಕು ಎಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಆರು ಪಾಸು ಕಳಿಸು. ಎದ್ದೆಯೋ ಕೂತೆಯೋ ನಾನೇ ಬಂದು ನೋಡುತ್ತೇನೆ, ನಿನಗೂ ಬರೆಯುವ ಕಷ್ಟ ತಪ್ಪುತ್ತದೆ.

ಕಿನುಯೆ

———

ಟೋಕಿಯೊ
27 ನವೆಂಬರ್ 1971

ಅಕ್ಕ,

ಡಿಸೆಂಬರಿನಲ್ಲಿ ಗ್ಯಾಲರಿಗೆ ಬಹಳ ನೂಕುನುಗ್ಗಲು. ನನ್ನ ಪಾಲಿನ ಪಾಸುಗಳು ಆಗಲೇ ಹಂಚಿಹೋಗಿವೆ. ಚಳಿಯೂ ಹೆಚ್ಚು. ವಸಂತದಲ್ಲಿ ಬಾ, ನಾನೇ ಎಲ್ಲ ಸುತ್ತಿ ತೋರಿಸುತ್ತೇನೆ.

ಯಾಸುಹರು

———

ಹಯಾಸೆ
17 ಡಿಸೆಂಬರ್ 1971

ಯಾಸು,

ನಾವು ಬಂದಿದ್ದು ನಿನಗೆ ಗೊತ್ತು. ನೀನು ತಲೆ ಎತ್ತಿ ನೋಡಿದ್ದನ್ನು ನಾನೂ ನೋಡಿದೆ.

ಪಾಸು ಕೊಟ್ಟವರು ವಿರೋಧ ಪಕ್ಷದ ಒಬ್ಬ ಮುದುಕರು. ಯಾವ ಊರಿನವರೋ ಏನೋ. ಅವರ ಕೋಣೆಗೆ ಹೋಗಿ, “ನಮ್ಮೂರಿನ ಸದಸ್ಯರ ಹತ್ರ ಪಾಸು ಇಲ್ಲ, ನೀವು ಕೊಡ್ತೀರಾ?” ಎಂದೆ. “ನಿಮ್ಮೂರಿನ ಸದಸ್ಯರು ಯಾರಮ್ಮಾ?” ಎಂದರು. “ನನ್ನ ತಮ್ಮ” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಂದು ಮಾತು ಕೇಳದೆ ಆರಕ್ಕೆ ಸಹಿ ಹಾಕಿದರು. ನನಗೆ ನಾಚಿಕೆಯಾಯಿತು. ಯಾರ ಪರವಾಗಿ ಎಂದು ಬಿಡಿಸಿ ಬರೆಯುವುದಿಲ್ಲ.

ಕೋಟು, ಛತ್ರಿ, ಚೀಲ ಎಲ್ಲ ಕೆಳಗೇ ಇಟ್ಟುಕೊಂಡರು. ಫುಸಾಳ ಮಡಿಲಲ್ಲಿದ್ದ ಕಿತ್ತಳೆಹಣ್ಣನ್ನೂ ಬಿಡಲಿಲ್ಲ. “ಇದನ್ನ ಯಾರ ಮೇಲೆ ಎಸೀತೀನಿ ಅಂತ ನಿಮಗೆ ಹೆಂಗೆ ಗೊತ್ತಾಯ್ತು?” ಎಂದು ಅವಳು ಕಾವಲಿನವನನ್ನು ಕೇಳಿದಳು.

ಎದ್ದು ನಿಲ್ಲುವ ಲೆಕ್ಕ ಈ ಸಲ ಇರಲಿಲ್ಲ. ವಿರೋಧ ಪಕ್ಷದವರು ಪಟ್ಟುಹಿಡಿದು ಹೆಸರು ಕೂಗಿ ಮತ ಹಾಕಿಸಿದರು. ಪಕ್ಕದಲ್ಲಿ ಕೂತವರು ನಮಗೆ ವಿವರಿಸಿದರು. ಪ್ರತಿ ಸದಸ್ಯರ ಮೇಜಿನಲ್ಲೂ ಅವರ ಹೆಸರು ಬರೆದ ಚಿಕ್ಕ ಮರದ ಹಲಗೆಗಳು ಇರುತ್ತವೆ. ಬಿಳಿಯದು ಒಪ್ಪಿಗೆಗೆ, ನೀಲಿಯದು ವಿರೋಧಕ್ಕೆ. ಬಾಗಿಲುಗಳನ್ನು ಮುಚ್ಚುತ್ತಾರೆ. ಆಮೇಲೆ ಒಳಗಿನವರು ಹೊರಗೆ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಒಬ್ಬೊಬ್ಬರೇ ವೇದಿಕೆ ಹತ್ತಿ ಹಲಗೆ ಕೊಟ್ಟು ಇಳಿಯಬೇಕು. ಮರುದಿನ ಎಲ್ಲರ ಹೆಸರೂ ಅಚ್ಚಾಗುತ್ತದೆ.

ನನಗೆ ಸಮಾಧಾನವಾಯಿತು. ಯಾವ ಬಣ್ಣವೇ ಆಗಲಿ, ಇವತ್ತು ನೋಡಿಯೇ ಬಿಡುತ್ತೇನೆ ಎಂದುಕೊಂಡೆ. ಗಂಟೆ ಬಾರಿಸಿದರು. ನೀನು ಎದ್ದೆ. ವೇದಿಕೆಯ ಕಡೆಗೆ ಎಂದು ನಾನು ಮುಂದಕ್ಕೆ ಬಾಗಿದೆ. ನೀನು ಹಿಂದಿನ ಬಾಗಿಲ ಕಡೆಗೆ ನಡೆದೆ. ಬಾಗಿಲು ಮುಚ್ಚಿತು.

ಮಸೂದೆ ಪಾಸಾಯಿತು. ಮೂರು ದಿನ ಛತ್ರದಂಥ ಅಗ್ಗದ ಹೋಟೆಲಿನಲ್ಲಿ ಉಳಿದು ಅಚ್ಚಾದ ಪಟ್ಟಿ ಸಂಪಾದಿಸಿದೆ. ಒಪ್ಪಿದವರ ಪಟ್ಟಿಯನ್ನು ಬೆರಳಿಟ್ಟು ಓದಿದೆ, ಮೊಮೊಸೆ ಇಲ್ಲ. ವಿರೋಧಿಸಿದವರ ಪಟ್ಟಿ ಓದಿದೆ, ಅಲ್ಲೂ ಇಲ್ಲ. ನೀನು ಬಿಳಿ ಕೊಟ್ಟಿದ್ದರೆ ನಿನ್ನ ಮನೆಗೇ ಬಂದು ನಿನ್ನ ಜೊತೆ ಜಗಳ ಆಡುತ್ತಿದ್ದೆ. ಈಗ ಯಾರ ಜೊತೆ ಜಗಳ ಆಡಲಿ? ಅಲ್ಲಿ ಯಾರೂ ಇಲ್ಲವಲ್ಲ.

ರೈಲಿನಲ್ಲಿ ಬರುವಾಗ ಹೆಂಗಸರು ಯಾರೂ ನಿನ್ನ ಹೆಸರೆತ್ತಲಿಲ್ಲ. ಅದು ನನಗೆ ಸೇರಲಿಲ್ಲ.

ಕಿನುಯೆ

———

ಹಯಾಸೆ
9 ಫೆಬ್ರವರಿ 1972

ಯಾಸು,

ಹೊಸ ವರ್ಷಕ್ಕೆ ನಿನ್ನಿಂದ ಅಚ್ಚಿನ ಕಾರ್ಡು ಬಂತು. ಎನೊಮೊಟೊ ಅವರ ಆಯ್ಕೆ ಚೆನ್ನಾಗಿದೆ. ಉತ್ತರ ಬರೆಯದೆ ಬಿಟ್ಟಿದ್ದೆ. ಇವತ್ತು ಬರೆಯಲೇಬೇಕು.

ನಿನ್ನೆ ನಮ್ಮ ಕೇರಿಯ ಮಗ್ಗಗಳನ್ನು ಒಡೆದರು. ಮಂತ್ರಾಲಯದಿಂದ ಇಬ್ಬರು, ಸುತ್ತಿಗೆಯವರು ಆರು ಜನ. ಸೊಂಟದ ಮಟ್ಟದ ಹಿಮದಲ್ಲಿ ದಾರಿ ಕಡಿದುಕೊಂಡು ಮನೆಮನೆಗೆ ಬಂದರು. ಮೊದಲು ಮಗ್ಗದ ನೋಂದಣಿ ಬಿಲ್ಲೆಯನ್ನು ಉಳಿಯಲ್ಲಿ ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆ ಬಿಲ್ಲೆ ಇಲ್ಲದ ಮಗ್ಗ ಓಡಿಸುವುದು ಅಪರಾಧ, ಅದು ನಿನಗೂ ಗೊತ್ತು. ಆಮೇಲೆ ಹೊಡೆಯುತ್ತಾರೆ. ಬೀಡು ಕಬ್ಬಿಣ ಬಗ್ಗುವುದಿಲ್ಲ, ಸಿಡಿದು ಚೂರಾಗುತ್ತದೆ. ಫುಸಾಳ ನಾಲ್ಕು ಮಗ್ಗಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವಳು ಅಳಲಿಲ್ಲ. ಒಡೆಯುವ ಮುಂಚೆ ನಾಲ್ಕಕ್ಕೂ ಎಣ್ಣೆ ಬಿಟ್ಟು ಒರೆಸಿದ್ದಳು. ಮಂತ್ರಾಲಯದವನು “ಇದೆಲ್ಲ ಯಾಕಮ್ಮಾ, ಹೆಂಗೂ ಒಡೀತೀವಲ್ಲ” ಎಂದ. “ಹೆಣಾನೂ ಹೆಂಗೂ ಸುಡ್ತೀರಿ, ಸ್ನಾನ ಮಾಡ್ಸಲ್ವಾ?” ಎಂದಳು.

ಬೆಳಗಿನಿಂದ ಸಂಜೆಯವರೆಗೂ ನನ್ನ ಎಂಟು ಮಗ್ಗ ಓಡಿದವು. ನೂಲು ಕೊಡುತ್ತಿದ್ದ ಕಂಪನಿ ಡಿಸೆಂಬರಿನಿಂದಲೇ ಕೈ ಎತ್ತಿದೆ. ಉಳಿದ ನೂಲನ್ನು ನಿನ್ನೆಗೆಂದೇ ತೆಗೆದಿಟ್ಟಿದ್ದೆ. ಮಂತ್ರಾಲಯದವನು ಬೀದಿಯಲ್ಲಿ ನಿಂತು ಓದಿದ ಭಾಷಣ ಒಬ್ಬರಿಗೂ ಕೇಳಲಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ನಾನೂ ನಿನ್ನ ಹಾಗೆಯೇ ಆಗುತ್ತೇನೆ. ಆದ್ದರಿಂದ ಮಿಕ್ಕದ್ದನ್ನೂ ಕೇಳು. ಮುನ್ನೂರಕ್ಕೆ ಎಂಟು ಕಡಿಮೆಯಾಗಿತ್ತು. ಪೂರ್ತಿ ಲೆಕ್ಕ ಒಪ್ಪಿಸದಿದ್ದರೆ ಊರಿಗೆ ಬರುವ ಪರಿಹಾರ ತಡೆಯುತ್ತೇವೆ ಎಂದಿದ್ದರಂತೆ. ಹೊಸೊಯಾ ತಮ್ಮವೇ ಎಂಟನ್ನು ಹೆಚ್ಚಿಗೆ ಕೊಟ್ಟರು. ಈಗ ಅವರ ಹತ್ತಿರ ಉಳಿದಿರುವುದು ಎರಡು. ನಮ್ಮ ಬಾಗಿಲಿಗೆ ಬಂದು, ಹಿಮ ಕೊಡವಿಕೊಳ್ಳದೆ ನಿಂತು, “ನಿನ್ನ ಎಂಟಕ್ಕೆ ನನ್ನ ಎಂಟು ಹೋಯ್ತು ಕಣಮ್ಮ. ಓಡ್ಸು, ಚೆನ್ನಾಗಿ ಓಡ್ಸು” ಎಂದು ಹೇಳಿ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಾರ್ವಜನಿಕ ಸ್ನಾನದ ಮನೆಯಲ್ಲಿ ನಾನು ನೀರಿಗಿಳಿದರೆ ಹೆಂಗಸರು ಒಬ್ಬೊಬ್ಬರಾಗಿ ಏಳುತ್ತಾರೆ. ಫುಸಾ ಕೂಡ ಎದ್ದಳು. ಅವರ ಮೇಲೆ ನನಗೆ ಕೋಪವಿಲ್ಲ. ನನ್ನ ಹಟಕ್ಕೆ ಬೇರೆಯವರು ತೆತ್ತರು, ಅದು ನಿಜ. ಅದು ನನ್ನ ಹೆಸರಿನಲ್ಲೇ ಇರಲಿ. ಕೇಳಿದವರಿಗೆ ಹೌದು ಎನ್ನುತ್ತೇನೆ.

ನೀನು ಯಾವುದಕ್ಕೆ ಹೌದು ಎನ್ನುತ್ತೀಯ?

ಕಿನುಯೆ

———

ಟೋಕಿಯೊ
20 ಫೆಬ್ರವರಿ 1972

ಅಕ್ಕ,

ಇದನ್ನು ಓದಿ ಸುಟ್ಟುಹಾಕು.

ಸಮಿತಿಯಲ್ಲಿ ಎದ್ದೆ. ಎಲ್ಲರಿಗಿಂತ ಮೊದಲು ಎದ್ದೆ. ಸಮಿತಿಯ ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ನೇಕಾರರ ಊರಿನವನು ಏಳುತ್ತಾನೋ ಇಲ್ಲವೋ ಎಂದು ಅವರಿಗೆ ಅನುಮಾನವಿತ್ತು, ಆ ಅನುಮಾನ ಹೋಗಲಿ ಎಂದು ಬೇಗ ಎದ್ದೆ. ಮುಂದಿನ ಸಲ ಉಪಮಂತ್ರಿ ಮಾಡುತ್ತೇವೆ ಎಂದು ಪಕ್ಷದವರು ಮಾತು ಕೊಟ್ಟಿದ್ದರು.

ಡಿಸೆಂಬರಿನಲ್ಲೂ ಬಿಳಿಯನ್ನೇ ಕೊಡುವವನಿದ್ದೆ. ಹೆಸರು ಅಚ್ಚಾದರೂ ಹಯಾಸೆಯಲ್ಲಿ ಅದನ್ನು ಯಾರು ತರಿಸಿ ಓದುತ್ತಾರೆ ಎಂದುಕೊಂಡಿದ್ದೆ. ತಲೆ ಎತ್ತಿದೆ, ನೀನಿದ್ದೆ. ಅಮ್ಮನ ಬೂದು ಕಿಮೋನೊ ಉಟ್ಟಿದ್ದೆ. ನೀನು ಕೂತಿದ್ದರಿಂದ ಬಿಳಿ ಕೊಡಲಾಗಲಿಲ್ಲ. ಪಕ್ಷದವರು ಸುತ್ತ ಕೂತಿದ್ದರಿಂದ ನೀಲಿ ಕೊಡಲಾಗಲಿಲ್ಲ. ನೀಲಿ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ ಅಕ್ಕ, ಅದಂತೂ ಸತ್ಯ. ಹಿಡಿದುಕೊಂಡೇ ಬಾಗಿಲವರೆಗೆ ಹೋದೆ. ಕಾವಲಿನವನು, “ಮುಚ್ತಾ ಇದೀನಿ ಸ್ವಾಮಿ. ಒಳಗೋ, ಹೊರಗೋ?” ಎಂದು ಕೇಳಿದ. “ಹೊರಗೆ” ಎಂದೆ.

ಮತ ಮುಗಿಯುವ ತನಕ ಮುಚ್ಚಿದ ಬಾಗಿಲಿಗೆ ಮುಖ ಮಾಡಿ ನಿಂತಿದ್ದೆ. ಒಳಗೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದುದು ಕೇಳಿಸುತ್ತಿತ್ತು. ನನ್ನ ಹೆಸರನ್ನೂ ಕೂಗಿದರು.

ಈ ಮಾತು ಹೊರಗೆ ಬಿದ್ದರೆ ಪಕ್ಷದಲ್ಲೂ ನಾನಿಲ್ಲ, ಊರಿನಲ್ಲೂ ನಾನಿಲ್ಲ. ಚುನಾವಣೆ ಈ ವರ್ಷವೇ ಬರಬಹುದು. ನೀನು ಕೇಳಿದ್ದಕ್ಕೆ ಹೇಳಿದ್ದೇನೆ. ನಿನಗೊಬ್ಬಳಿಗೇ.

ಯಾಸುಹರು

———

ಹಯಾಸೆ
6 ಮಾರ್ಚ್ 1972

ಯಾಸು,

ಸುಡು ಎಂದಿದ್ದೆ. ಸುಡಲಿಲ್ಲ.

ನಿನ್ನ ಪತ್ರವನ್ನು ಮೂರು ದಿನ ಎದೆಗವಚಿಕೊಂಡು ತಿರುಗಿದೆ. ಅತ್ತುಬಿಟ್ಟೆ ಕೂಡ. ಒಲೆಯ ಮುಂದೆ ಎರಡು ಸಲ ಕೂತು ಎರಡು ಸಲ ಎದ್ದೆ. ಸಮಿತಿಯಲ್ಲಿ ನೀನು ಎದ್ದದ್ದಕ್ಕೆ ಎಲ್ಲೂ ಹೆಸರಿಲ್ಲ. ಡಿಸೆಂಬರಿನದಕ್ಕೆ ಎರಡು ಪಟ್ಟಿಯಲ್ಲೂ ಹೆಸರಿಲ್ಲ. ಹಯಾಸೆಯ ಮಗ್ಗಗಳ ವಿಚಾರದಲ್ಲಿ ನೀನು ನಡೆದುಕೊಂಡದ್ದಕ್ಕೆ ನಿನ್ನ ಸಹಿಯಿರುವ ಕಾಗದ ಎಂದರೆ ಈ ಪತ್ರ ಒಂದೇ. ಅದನ್ನು ಒಲೆಗೆ ಹಾಕಿದರೆ ನಾನೂ ನಿನ್ನನ್ನು ಆ ಬಾಗಿಲಿನಿಂದ ಹೊರಗೆ ಕಳಿಸಿದ ಹಾಗೆ. ಅದು ನನ್ನಿಂದ ಆಗಲಿಲ್ಲ.

ಈ ತಿಂಗಳು ನಮ್ಮ ಕೇರಿಯಲ್ಲಿ ಮನೆಯಿಂದ ಮನೆಗೆ ದಾಟುವ ಸುತ್ತೋಲೆ ಹಲಗೆ ಹೊರಡಿಸುವ ಸರದಿ ನನ್ನದು. ಮಾತು ಬಿಟ್ಟವರೂ ಹಲಗೆ ಬಿಡುವುದಿಲ್ಲ, ಅದು ನಿಯಮ. ಚರಂಡಿ ಸ್ವಚ್ಛ ಮಾಡುವ ದಿನ, ಮಕ್ಕಳಿಗೆ ಲಸಿಕೆ ಹಾಕುವ ದಿನ ಬರೆದು ಕ್ಲಿಪ್ಪಿಗೆ ಸಿಕ್ಕಿಸಿದೆ. ಅವುಗಳ ಮೇಲೆ ನಿನ್ನ ಪತ್ರ ಸಿಕ್ಕಿಸಿದೆ. ಓದಿದ ಮನೆಯವರು ತಮ್ಮ ಚೌಕದಲ್ಲಿ ಹೆಸರಿನ ಮುದ್ರೆ ಒತ್ತಿ ಮುಂದಿನ ಮನೆಗೆ ದಾಟಿಸಬೇಕು.

ಮೊದಲು ಫುಸಾಳ ಮನೆ. ಹಿಮದಲ್ಲೇ ಅಡ್ಡ ದಾಟಿ ನಮ್ಮ ಅಡುಗೆಮನೆಗೆ ಬಂದಳು. “ಎಲ್ಲರಿಗಿಂತ ಮೊದಲು ಎದ್ದನಂತಾ? ಸ್ಕೂಲಲ್ಲೂ ಹಂಗೇ ಇದ್ದ. ಮೇಷ್ಟ್ರ ಚಪ್ಲಿ ಸದ್ದಿಗೇ ಎದ್ದು ನಿಂತಿರೋನು” ಎಂದಳು. ಆಮೇಲೆ ಒಲೆಯ ಮುಂದೆ ಕೈ ಚಾಚಿ, “ನಂಗೆ ಕೂತು ಕೂತು ಕೈ ಮರಗಟ್ಟಿದೆ. ನಿನ್ನ ಮಗ್ಗಕ್ಕೆ ಜನ ಬೇಕಾ?” ಎಂದು ಕೇಳಿದಳು. ಬೇಕು ಎಂದೆ. ಕ್ಯೋಟೊದ ಒಬ್ಬ ವ್ಯಾಪಾರಿ ಕಿಮೋನೊದ ಒಳಪದರಕ್ಕೆ ರೇಷ್ಮೆ ನೂಲು ಕೊಡಲು ಒಪ್ಪಿದ್ದಾನೆ. ಬೇಸಿಗೆವರೆಗೆ ಸಾಕು. ಆಮೇಲಿನದು ಗೊತ್ತಿಲ್ಲ.

ಹೊಸೊಯಾ ಹಲಗೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತರು. “ಇದು ಮನೆ ಮಾತು ಕಣಮ್ಮ. ಬೀದಿಗೆ ಹಾಕ್ತಾರಾ?”

“ಮಗ್ಗಾನೂ ಮನೇದೇ. ಅದನ್ನ ಎಲ್ಲರ ಕಣ್ಣೆದುರಿಗೆ ಒಡೀಲಿಲ್ವಾ?” ಎಂದೆ.

“ಅವನ ಕತೆ ಮುಗೀತದೆ.”

“ಮುಗಿಯಲ್ಲ. ಶುರು ಆಗ್ಬೇಕಾದ್ರೆ ಇಲ್ಲಿಂದಾನೇ ಆಗ್ಬೇಕು.”

ಅವರು ಪತ್ರವನ್ನು ನಿಂತಲ್ಲೇ ಇನ್ನೊಂದು ಸಲ ಓದಿದರು. ಸೊಂಟದಿಂದ ಮುದ್ರೆ ತೆಗೆದು, ಬಾಯಿಂದ ಊದಿ ಒತ್ತಿದರು. ಅದು ತಲೆಕೆಳಗಾಗಿ ಬಿತ್ತು. ಸರಿಮಾಡುತ್ತೇನೆ ಎಂದು ಇನ್ನೊಮ್ಮೆ ಒತ್ತಿದರು. ಹಾಗಾಗಿ ಹೊಸೊಯಾ ಮನೆಯದು ಎರಡು ಮುದ್ರೆ.

ನಿನಗೆ ಕೆಟ್ಟದಾಗಲಿ ಎಂದು ನಾನು ಇದನ್ನು ಮಾಡಿದೆ ಎಂದುಕೊಂಡರೆ ಅಂದುಕೋ. ಕ್ಷಮೆ ಕೇಳುವುದಿಲ್ಲ. ಚುನಾವಣೆ ಬಂದರೆ ಈ ಸಲ ಅನ್ನದ ಉಂಡೆಯನ್ನೂ ಕಟ್ಟುವುದಿಲ್ಲ, ಮತವನ್ನೂ ಹಾಕುವುದಿಲ್ಲ. ನೀನು ಬಂದು ಬೀದಿಯಲ್ಲಿ ನಿಂತರೆ ಹೊರಗೆ ಬಂದು ಕೇಳುತ್ತೇನೆ, ಅಷ್ಟೇ.

ಹಲಗೆ ಇವತ್ತು ಬೆಳಿಗ್ಗೆ ವಾಪಸ್ಸು ಬಂತು. ಇಪ್ಪತ್ತೆರಡು ಮನೆ, ಎಲ್ಲರೂ ಒತ್ತಿದ್ದಾರೆ. ಒಬ್ಬರೂ ನಿನ್ನ ಪತ್ರವನ್ನು ಕಿತ್ತಿಲ್ಲ, ಅದರ ಮೇಲೆ ಏನನ್ನೂ ಗೀಚಿಲ್ಲ. ಕೊನೆಯಲ್ಲಿ ನಾನು ಇನ್ನೊಂದು ಚೌಕಕ್ಕೆ ಗೆರೆ ಎಳೆದು ಮೊಮೊಸೆ ಯಾಸುಹರು ಎಂದು ಬರೆದಿದ್ದೇನೆ. ಮಗ್ಗದ ಮನೆಯ ಹೊರಗೋಡೆಗೆ, ಬೀದಿಯ ಕಡೆ ಮುಖ ಮಾಡಿ ನೇತುಹಾಕಿದ್ದೇನೆ. ಬಂದು ಪತ್ರ ಕಿತ್ತುಕೊಳ್ಳುತ್ತೀಯೋ, ಚೌಕದಲ್ಲಿ ಮುದ್ರೆ ಒತ್ತುತ್ತೀಯೋ, ಎರಡರಲ್ಲಿ ಒಂದು ಮಾಡು. ಹಗಲಿನಲ್ಲಿ ಬಾ, ಎಲ್ಲರೂ ನೋಡಲಿ.

ನಿನ್ನಕ್ಕ
ಕಿನುಯೆ